ಪೋಣಿಸಿಟ್ಟ ಹನ್ನೊಂದು ಸೂಜಿ

ಆಯಿಯನ್ನು ಮಣ್ಣು ಮಾಡಿ ಬಂದ ಮೂರನೆಯ ದಿನ ನಮ್ಮ ಪಡಸಾಲೆಯಲ್ಲಿ ಕುಳಿತು ಒಂಬತ್ತು ಜನ ಒಂದೇ ಮಾತನ್ನು ಹೇಳಿದರು.

"ಕಡೀತನಕ ತನ್ನ ಸೂಜಿಗಿ ತಾನೇ ದಾರ ಪೋಣಿಸಿದ ಮುದುಕಿ ನೋಡ್ರಿ. ಅಂಥ ಕಣ್ಣು ಈಗಿನ ಹುಡುಗೇರಿಗೂ ಇಲ್ಲ."

ಒಬ್ಬರಾದ ಮೇಲೆ ಒಬ್ಬರು ಹೇಳುತ್ತಿದ್ದಾಗ ನಾನು ಬಾಗಿಲ ಬಳಿ ಕುಳಿತು ಬೆರಳು ಮಡಚುತ್ತಿದ್ದೆ. ಮೊದಲು ಹೇಳಿದ್ದು ಎದುರುಮನೆಯ ಮುದುಕ. ಏಳನೆಯವಳು ಅಕ್ಕನ ಅತ್ತೆ, ಸೇಡಮ್ಮಿನ ಬೀಗತಿ. "ನನಗ ಕೈಯಾರೆ ಪೋಣಿಸಿ ಕೊಟ್ಟಾಳ್ರೀ" ಎಂದು ಆಕೆ ಸೇರಿಸಿದಳು. ಎಂಟನೆಯವಳು ಹಿಂದಿನ ಓಣಿಯ ಖಾಲಾ. ಹೇಳುವಾಗ ನನ್ನ ಕಡೆ ನೋಡಲಿಲ್ಲ. ಒಂಬತ್ತನೆಯವಳು ನನ್ನ ಅವ್ವ.

ಆ ಮಾತು ಸುಳ್ಳು. ಅದು ಸುಳ್ಳೆಂದು ನನಗೆ ಗೊತ್ತು, ಖಾಲಾಗೆ ಗೊತ್ತು. ಉಳಿದವರಲ್ಲಿ ಯಾರ್ಯಾರಿಗೆ ಗೊತ್ತಿತ್ತು ಎಂಬ ಸಂಶಯ ಅವತ್ತು ಹೊಕ್ಕದ್ದು ಇನ್ನೂ ಹೋಗಿಲ್ಲ. ಅದಕ್ಕೇ ಹಳೆಯ ವಹಿಗಳನ್ನು ಕೆಳಗಿಳಿಸಿ ಇದನ್ನು ಬರೆಯುತ್ತಿದ್ದೇನೆ.

ಹನ್ನೊಂದನೆಯ ವಯಸ್ಸಿನಿಂದ ನನಗೆ ವಹಿ ಬರೆಯುವ ಚಟ. ಯಾವ ವಾರ ಯಾರು ಬಂದರು, ಎಷ್ಟು ರೊಟ್ಟಿ ಸುಟ್ಟರು, ನಳದ ನೀರು ಎಷ್ಟು ಹೊತ್ತಿಗೆ ಬಂತು, ಎಷ್ಟು ಕೊಡ ಸಿಕ್ಕಿತು, ಎಲ್ಲವೂ ಅದರಲ್ಲಿದೆ. ಈಗ ನನಗೆ ಇಪ್ಪತ್ತೆರಡು ವರ್ಷ, ಚಿತ್ತಾಪುರದ ಶಾಲೆಯಲ್ಲಿ ಮಕ್ಕಳ ಹಾಜರಿ ಬರೆಯುತ್ತೇನೆ, ಚಟ ಬಿಟ್ಟಿಲ್ಲ. ಆಯಿ ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. "ಬಂದಳು ನೋಡ್ರಿ ನಮ್ಮನಿ ಪಟವಾರಿ. ಉಗುರು ತಗದದ್ದೂ ಬರೀತಾಳ ಇಕಿ" ಅನ್ನುತ್ತಿದ್ದಳು. ಪಟವಾರಿ ಅಂದರೆ ಊರ ಲೆಕ್ಕ ಬರೆಯುವವನು.

ಆಯಿ ಅಂದರೆ ನನ್ನ ಅಪ್ಪನ ತಾಯಿ. ಚಿಂಚೋಳಿ ತಾಲ್ಲೂಕಿನ ಕೊಡ್ಲಿಯಲ್ಲಿ ಹುಟ್ಟಿ, ಎತ್ತಿನ ಬಂಡಿಯಲ್ಲಿ ಶಹಾಬಾದಿಗೆ ಸೊಸೆಯಾಗಿ ಬಂದವಳು. ದಾರಿಯಲ್ಲಿ ಎರಡು ಕಡೆ ಬಂಡಿ ಬಿಚ್ಚಿದ್ದರಂತೆ. ವಯಸ್ಸು ಕೇಳಿದರೆ ಒಂದೊಂದು ಸಲ ಒಂದೊಂದು ಹೇಳುತ್ತಿದ್ದಳು. ಜನಗಣತಿಯವರಿಗೆ ಒಮ್ಮೆ ಅರವತ್ತು ಅಂದಿದ್ದಳು. ಹತ್ತು ವರ್ಷ ಬಿಟ್ಟು ಬಂದವರಿಗೆ ಅರವತ್ತೆರಡು ಅಂದಳು. ಲೆಕ್ಕ ತಪ್ಪಿದೆ ಎಂದು ನಾನು ಹಿಡಿದಾಗ, "ನಡುವ ಎಂಟು ವರ್ಷ ನಾ ಬದುಕಿದ್ದಿಲ್ಲ ಬಿಡು, ಬರೇ ದುಡದೀನಿ" ಅಂದಳು.

ದುಡಿದದ್ದಂತೂ ನಿಜ. ಅಜ್ಜ ಕಲ್ಲಿನ ಖಣಿಯಲ್ಲಿ ಕೆಲಸಕ್ಕಿದ್ದವನು, ಅಪ್ಪ ಇನ್ನೂ ಅಂಬೆಗಾಲಿಡುವಾಗಲೇ ತೀರಿಕೊಂಡ. ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ಆಯಿ ಅದೇ ಖಣಿಯಲ್ಲಿ ಕಲ್ಲು ಹೊತ್ತಳು. ಯಾವ ಸರಕಾರವನ್ನೂ ಆಕೆ ದೊಡ್ಡದು ಮಾಡಿ ಹೇಳಿದವಳಲ್ಲ. "ನಿಜಾಮನ ಕಾಲದಾಗ ಉರ್ದು ಕಾಗದದ ಮ್ಯಾಲ ಒತ್ತೀನಿ, ಮೈಸೂರು ಬಂದ ಮ್ಯಾಲ ಕನ್ನಡ ಕಾಗದದ ಮ್ಯಾಲ ಒತ್ತೀನಿ. ಹೆಬ್ಬಟ್ಟು ಅದೇ ಅದ" ಅನ್ನುತ್ತಿದ್ದಳು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದಾಗ ನಾನು ಹೈಸ್ಕೂಲಿನಲ್ಲಿದ್ದೆ. ಶಾಲೆಯಲ್ಲಿ ಕೊಟ್ಟ ಪೇಢೆಯನ್ನು ಅರ್ಧ ಮುರಿದು ತಂದುಕೊಟ್ಟೆ. ತಿಂದು ಬೆರಳು ನೆಕ್ಕಿ, "ನಮ್ಮೂರಿನ ಹೆಸರು ಬದಲಾಗಿಲ್ಲಲ್ಲ? ಹಂಗಾರ ನೀರು ತುಂಬು ನಡಿ" ಅಂದಳು.

ಊರಿನಲ್ಲಿ ಆಕೆಗೆ ಮರ್ಯಾದೆ ಇದ್ದದ್ದು ಬೇರೆ ಕೆಲಸಕ್ಕೆ. ಹಸುಗೂಸುಗಳಿಗೆ ಎರೆಯುವುದು, ಅಂದರೆ ಎಣ್ಣೆ ಹಚ್ಚಿ ಸ್ನಾನ ಮಾಡಿಸುವುದು. ಬಚ್ಚಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು, ಸೀರೆಯನ್ನು ಮೊಣಕಾಲ ಮೇಲಕ್ಕೆ ಸರಿಸಿ, ಎರಡೂ ಕಾಲು ಚಾಚಿ ಕೂರುವಳು. ಕೂಸನ್ನು ಕಾಲಿನ ಮೇಲೆ ಮಲಗಿಸಿಕೊಂಡು, ಇನ್ನೊಬ್ಬರು ಹಾಕುವ ಬಿಸಿನೀರನ್ನು ಮೊದಲು ತನ್ನ ಅಂಗೈಗೆ ಬೀಳಿಸಿಕೊಂಡು, ಅಲ್ಲಿಂದ ಕೂಸಿನ ಮೈಮೇಲೆ ಹರಿಸುವಳು. ನಮ್ಮ ಮನೆಯ ಎಲ್ಲ ಮಕ್ಕಳು, ಓಣಿಯ ಅರ್ಧ ಮಕ್ಕಳು, ಹಿಂದಿನ ಓಣಿಯ ಮುಸಲ್ಮಾನರ ಮನೆಗಳ ಮಕ್ಕಳು ಆ ಕಾಲಿನ ಮೇಲೆ ಮಲಗಿದವರೇ. ಬಾಣಂತನ ಮುಗಿಸಿ ಹೋಗುವ ಪ್ರತಿ ತಾಯಿಯಿಂದ ಕೂಸಿನ ತಲೆಗೆ ಕಟ್ಟುವ ಕುಂಚಿಗೆಯ ಅಂಗೈಯಗಲದ ತುಂಡೊಂದನ್ನು ಆಯಿ ಕೇಳಿ ಇಸಿದುಕೊಳ್ಳುತ್ತಿದ್ದಳು. ಅದನ್ನು ತಾನು ಹೊದೆಯುವ ಕೌದಿಗೆ ಹೊಲಿಯುತ್ತಿದ್ದಳು. ಅದೇ ಆಕೆಯ ವಹಿ. ನಾನು ಎಣಿಸಿದಾಗ ಅದರಲ್ಲಿ ಅರವತ್ತಮೂರು ತುಂಡುಗಳಿದ್ದವು.

ಅರವತ್ತನಾಲ್ಕನೆಯದು ಅಕ್ಕನ ಕೂಸಿನದಾಗಬೇಕಿತ್ತು. ಆಯಿಯ ಮೊದಲ ಮರಿಮೊಮ್ಮಗು. ಮೂರು ವರ್ಷದ ಹಿಂದೆ, ಅಕ್ಕನಿಗೆ ಏಳು ತಿಂಗಳು ತುಂಬಿದಾಗ, ಆಕೆಯನ್ನು ಹೆರಿಗೆಗೆ ಕರೆತರಲು ಅವ್ವ ನನ್ನನ್ನೂ ಕರೆದುಕೊಂಡು ಸೇಡಮ್ಮಿಗೆ ಹೋಗಿದ್ದಳು. ಬೀಗತಿ ಚಹಾ ಕೊಟ್ಟಳು, ಉಪ್ಪಿಟ್ಟು ಕೊಟ್ಟಳು, ಆಮೇಲೆ ವಿಷಯಕ್ಕೆ ಬಂದಳು.

"ಸೊಸೀನ ಕಳಸ್ತೀನ್ರಿ, ಯಾಕ ಕಳಸಂಗಿಲ್ಲ? ಆದ್ರ ಕೂಸಿಗಿ ಎರಿಯೋರು ಯಾರು?"

"ಯಾರಂದ್ರ? ನಮ್ಮತ್ತಿ" ಅಂದಳು ಅವ್ವ.

"ಅವರಿಗಿ ಭಾಳ ವಯಸ್ಸಾಗ್ಯಾದಲ್ರೀ. ನಮ್ಮ ಓಣ್ಯಾಗ ಒಬ್ಬ ಮುದುಕಿ, ಕಣ್ಣು ಮಂದ ಆಗಿದ್ವು, ಯಾರಿಗೂ ಹೇಳಿದ್ದಿಲ್ಲ. ಕೂಸಿನ ಬೆನ್ನ ಮ್ಯಾಲ ಕಾದ ನೀರು ಸುರದಾಳ. ಇನ್ನಾ ಕಲಿ ಅದ ಆ ಕೂಸಿಗಿ."

ಅವ್ವ ಚಹಾದ ಬಟ್ಟಲು ಕೆಳಗಿಟ್ಟಳು. "ನಮ್ಮತ್ತಿ ಈಗೂ ತನ್ನ ಸೂಜಿಗಿ ತಾನೇ ದಾರ ಪೋಣಸ್ತಾಳ್ರೀ."

"ಹಂಗಂದ್ರ ಸರಿ ಬಿಡ್ರಿ. ಐದನೇ ದಿನ ನಾನೇ ಬಂದು ಕೂತು ನೋಡ್ತೀನಿ. ನನಗ ಸರಿ ಕಾಣ್ಸಲಿಲ್ಲಂದ್ರ ತಾಯಿ ಮಗು ಇಬ್ಬರನ್ನೂ ಅವತ್ತೇ ಸೇಡಂಗಿ ಕರ್ಕೊಂಡ್ ಬರ್ತೀನಿ. ಸಿಟ್ಟಾಗಬ್ಯಾಡ್ರಿ."

ವಾಡಿಯಲ್ಲಿ ಗಾಡಿ ಬದಲಿಸಿ ನಾವು ಮೂವರೂ ಮನೆಗೆ ಬಂದೆವು. ಅವ್ವ ನಡೆದದ್ದನ್ನೆಲ್ಲ ಹೇಳಿದಾಗ ಆಯಿ ನಕ್ಕಳು. "ನೋಡ್ಲಿ. ನನ್ನ ಕೈಯಾಗಿಂದ ಒಂದು ಕೂಸೂ ಜಾರಿಲ್ಲ. ಇದೊಂದಕ್ಕ ಎರದು ಸಾಕು ಮಾಡ್ತೀನಿ. ಇದೊಂದು ನನಗ ಬೇಕು." ಹೇಳುವಾಗ ಅಕ್ಕನ ಹೊಟ್ಟೆಯ ಮೇಲೆ ಕೈಯಿಟ್ಟಿದ್ದಳು, ಬಹಳ ಹೊತ್ತು ತೆಗೆಯಲಿಲ್ಲ.

ಆ ವಾರದಿಂದ ನನ್ನ ವಹಿಯಲ್ಲಿ ಸಂಶಯಗಳು ಶುರುವಾಗುತ್ತವೆ. ಮೊದಲ ಸಂಶಯ ಆಯಿಯ ಮೇಲಲ್ಲ, ಖಾಲಾಳ ಮೇಲೆ.

ಖಾಲಾ ದರ್ಜಿಯವನ ಹೆಂಡತಿ. ಅವರ ಮನೆಯ ಹಿತ್ತಲೂ ನಮ್ಮ ಹಿತ್ತಲೂ ಬೆನ್ನಿಗೆ ಬೆನ್ನು. ಪ್ರತಿ ಶುಕ್ರವಾರ ಮಧ್ಯಾಹ್ನ ಹಿಂಬಾಗಿಲಿನಿಂದ ಬಂದು ಆಯಿಯ ಕೋಣೆ ಸೇರುವಳು. ಬಾಗಿಲು ಅರ್ಧ ಮುಚ್ಚುವುದು. ಒಳಗೆ ದಖ್ಖನಿ, ಕನ್ನಡ ಎರಡೂ ಬೆರೆಸಿ ಮಾತು. ನಾನು ಹೋದರೆ ಮಾತು ನಿಂತು, ಇಬ್ಬರೂ ಉಪ್ಪಿನಕಾಯಿಯ ಬಗ್ಗೆ ಶುರು ಮಾಡುವರು. ಉಪ್ಪಿನಕಾಯಿಯ ಬಗ್ಗೆ ನಾಲ್ಕು ಶುಕ್ರವಾರ ಯಾರು ಮಾತಾಡುತ್ತಾರೆ?

ಒಂದು ಶುಕ್ರವಾರ ಖಾಲಾ ಹೋದ ಮೇಲೆ ಗೋಡೆಯ ಗೂಡಿನಲ್ಲಿದ್ದ ಸೂಜಿ ಚುಚ್ಚುವ ಬಟ್ಟೆಯ ದಿಂಬನ್ನು ನೋಡಿದೆ. ಹನ್ನೊಂದು ಸೂಜಿ, ಹನ್ನೊಂದಕ್ಕೂ ದಾರ. ಕಪ್ಪು ನಾಲ್ಕು, ಬಿಳಿ ನಾಲ್ಕು, ಕೆಂಪು ಮೂರು. ಒಬ್ಬಳು ಮುದುಕಿ ಒಮ್ಮೆಗೆ ಒಂದು ಸೂಜಿಯಿಂದ ಹೊಲಿಯುತ್ತಾಳೆ. ಹನ್ನೊಂದು ಯಾಕೆ? ಸಂಖ್ಯೆ ಬರೆದುಕೊಂಡೆ. ಯಾವ ಬಣ್ಣ ಎಲ್ಲಿ ಚುಚ್ಚಿತ್ತು ಎಂದು ಬರೆಯಲಿಲ್ಲ. ಅದು ನನ್ನ ತಪ್ಪು, ಮುಂದೆ ಬರುತ್ತದೆ.

ಎರಡನೆಯದು ಜೋಳ. ಸಂಜೆ ಹೋಗುವಾಗ ಖಾಲಾಳ ಓಢಣಿಯ ಕೆಳಗೆ ಒಂದು ಗಂಟು ಇರುತ್ತಿತ್ತು. ಶನಿವಾರ ಬೆಳಿಗ್ಗೆ ಅದೇ ಗಂಟು ವಾಪಸು ಬರುತ್ತಿತ್ತು. ಜೋಳದ ಡಬ್ಬಿಯಿಂದ ಹೋಗುತ್ತಿದ್ದದ್ದು ನಾಲ್ಕು ಸೇರು. ಬಂದದ್ದನ್ನು ಅಳೆದರೆ ಒಂದು ಹಿಡಿ ಕಡಿಮೆ. ಮೂರು ವಾರ ಅಳೆದೆ, ಮೂರು ವಾರವೂ ಕಡಿಮೆ. ಅವ್ವನಿಗೆ ಹೇಳಿದೆ.

"ನಿನಗ ಬ್ಯಾರೆ ಉದ್ಯೋಗ ಇಲ್ಲೇನ? ಸುಮ್ನಿರು" ಅಂದಳು. ಎಷ್ಟು ಕಡಿಮೆ, ಯಾರು ತೆಗೆದದ್ದು ಎಂದು ಕೇಳಲೇ ಇಲ್ಲ. ಒಂದು ಚಮಚ ಎಣ್ಣೆ ಚೆಲ್ಲಿದರೆ ಮೂರು ದಿನ ಅನ್ನುವ ಅವ್ವ! ಅದನ್ನೂ ಬರೆದುಕೊಂಡೆ.

ಕೊನೆಗೆ ಖಾಲಾಳನ್ನೇ ನಳದ ಹತ್ತಿರ ಹಿಡಿದೆ. "ಖಾಲಾ, ನಮ್ಮ ಜೋಳ ವಾರಾ ವಾರಾ ಒಂದು ಹಿಡಿ ಕಡಿಮಿ ಬರ್ಲಿಕತ್ತದ."

ಖಾಲಾ ಕೊಡ ಕೆಳಗಿಟ್ಟಳು. "ಅರೇ ವಾಹ್! ಅಳದಿಯೇನು?"

"ಮೂರು ವಾರ ಅಳದೀನಿ."

"ಮೂರು ವಾರ ಅಳದಾಕಿ ಆ ಹಿಡಿ ಎಲ್ಲಿ ಹೋಯ್ತಂತ ನೋಡಲಿಲ್ಲಲ್ಲ ಬೇಟಿ. ಬಾ ತೋರಸ್ತೀನಿ."

ನನ್ನ ಕೈ ಹಿಡಿದು ತನ್ನ ಹಿತ್ತಲಿಗೆ ಎಳೆದುಕೊಂಡು ಹೋದಳು. ಮೂಲೆಯಲ್ಲಿ ಒಂದು ಗುಡ್ಡೆ: ಸಣ್ಣ ಹರಳು, ಮಣ್ಣಿನ ಹೆಂಟೆ, ಹೊಟ್ಟು. ಜೋಳ ಹಸನು ಮಾಡಿದಾಗ ಉಳಿದದ್ದು.

"ತಗೋ, ನಿಮ್ಮನಿ ಆಸ್ತಿ. ಸೇರಿನಾಗ ಅಳಕೊಂಡು ಒಯ್ಯಿ. ಒಂದು ಹಳ್ಳೂ ನಾ ಇಟ್ಕೊಂಡಿಲ್ಲ."

ನೀರು ತುಂಬಲು ನಿಂತ ಇಬ್ಬರು ಹೆಂಗಸರು ಬಾಗಿಲಿಗೆ ಬಂದು ನಗುತ್ತಿದ್ದರು. ಆದರೂ ಒಂದು ಪ್ರಶ್ನೆ ಉಳಿಯಿತು, ಕೇಳಿದೆ. "ಜೋಳ ಹಸನು ಮಾಡೋದು ಆಯಿ ಕೆಲಸ. ಅಕಿ ಯಾಕ ನಿನಗ ಕೊಡ್ತಾಳ?"

ಇಷ್ಟು ಹೊತ್ತು ಒದರುತ್ತಿದ್ದ ಖಾಲಾ ದನಿ ತಗ್ಗಿಸಿದಳು. "ಅಕೀನ್ನೇ ಕೇಳು" ಎಂದು ಒಳಗೆ ಹೋದಳು.

ಅಲ್ಲಿಂದ ಸಂಶಯ ತಿರುಗಿ ನಮ್ಮ ಮನೆಯೊಳಕ್ಕೆ ಬಂತು. ಹಳೆಯ ಪುಟಗಳನ್ನು ತೆಗೆದೆ. ಎರಡು ವರ್ಷದ ಹಿಂದಿನ ಒಂದು ಸಂಗತಿ ಸಿಕ್ಕಿತು.

ಅಪ್ಪ ಕಲ್ಲಿಗೆ ಹೊಳಪು ಕೊಡುವ ಕಾರ್ಖಾನೆಯಲ್ಲಿ ಮೇಸ್ತ್ರಿ. ಊರತುಂಬ ಹೊಳಪು ಕೊಟ್ಟ ಪರಸಿ ಕಲ್ಲಿನ ನೆಲಗಳೇ. ನಮ್ಮ ಮನೆಯದು ಮಾತ್ರ ಅಜ್ಜನ ಕಾಲದ ಒರಟು ಹಾಸು. ಆ ವರ್ಷ ಅಪ್ಪ ಹುರುಪಿನಿಂದ ಹೊಳಪಿನ ಕಲ್ಲು ತರಿಸಿ ಪಡಸಾಲೆ, ಅಡುಗೆಮನೆ, ಬಚ್ಚಲು ಎಲ್ಲ ಕಡೆ ಹಾಸಿಸಿದ. ಆಯಿ ಹೊಸ ನೆಲದ ಮೇಲೆ ಹಿಮ್ಮಡಿ ಉಜ್ಜಿ ನೋಡಿದಳು, ಒಂದು ಹೆಜ್ಜೆ ಇಟ್ಟಳು, ಹಿಂದಕ್ಕೆ ಸರಿದಳು.

"ಇದೇನು ನೆಲನೋ ಕನ್ನಡೀನೋ? ನನ್ನ ಹಳೀ ಪರಸಿ ಹಾಕು."

"ಅವ್ವಾ, ಈ ಕಲ್ಲು ಮುಂಬೈಗಿ ಹೋಗ್ತಾವ. ಮಂದಿ ಸರತಿ ಹಚ್ಚಿ ಒಯ್ತಾರ" ಅಂದ ಅಪ್ಪ.

"ಒಯ್ಲಿ. ಮುಂಬೈದಾಗ ಜಾರಿ ಬೀಳ್ಲಿ. ನಾ ಇಲ್ಲೇ ಕುಂದ್ರತೀನಿ."

ಎರಡು ದಿನ ತನ್ನ ಕೋಣೆ ಬಿಟ್ಟು ಏಳಲಿಲ್ಲ, ಊಟವನ್ನೂ ಅಲ್ಲಿಗೇ ತರಿಸಿಕೊಂಡಳು. ಮೂರನೆಯ ದಿನ ಅಪ್ಪ ಕೆಲಸಕ್ಕೆ ಹೋಗದೆ ತಾನೇ ಉಳಿ, ಸುತ್ತಿಗೆ ಹಿಡಿದು ಕುಳಿತ. ಆಯಿಯ ಕೋಣೆಯ ಹೊಸ್ತಿಲಿನಿಂದ ಅಡುಗೆಮನೆಯ ಮೂಲಕ ಬಚ್ಚಲಿನವರೆಗೆ ಒಂದು ಕಲ್ಲಿನಗಲಕ್ಕೆ ಉಳಿಪೆಟ್ಟು ಹಾಕಿ ಹೊಳಪು ತೆಗೆದ. ಹದಿನೆಂಟು ಕಲ್ಲು. ಆಯಿ ಅವುಗಳ ಮೇಲೆ ನಡೆದು ಹೋಗಿ ಮುಖ ತೊಳೆದು ಬಂದಳು. ಮುದುಕಿ ಜಾರಬಾರದೆಂದು ಮಾಡಿಸಿಕೊಂಡಳು ಎಂದು ಎಲ್ಲರೂ ಅಂದುಕೊಂಡೆವು.

ಈಗ ಆ ಪುಟ ಓದಿದಾಗ ಬೇರೆ ಕಂಡಿತು. ಎರಡು ವರ್ಷದಿಂದ ಆಯಿ ಆ ಹದಿನೆಂಟು ಕಲ್ಲು ಬಿಟ್ಟು ಮನೆಯಲ್ಲಿ ಬೇರೆಲ್ಲೂ ಒಬ್ಬಳೇ ನಡೆದದ್ದನ್ನು ನಾನು ನೋಡಿರಲಿಲ್ಲ. ಆಕೆಯ ಹೆಜ್ಜೆ ಅಂಗಾಲಿಗೆ ಒರಟು ಸಿಕ್ಕ ಕಡೆಗೆ ಮಾತ್ರ ಹೋಗುತ್ತಿತ್ತು.

ಕೌದಿ ಹರವಿಕೊಂಡು ಆಯಿಯ ಪಕ್ಕದಲ್ಲಿ ಕುಳಿತೆ. "ಆಯಿ, ಇದು ಯಾರದು?" ಎಂದು ಒಂದು ತುಂಡಿನ ಮೇಲೆ ಆಕೆಯ ಬೆರಳು ಇಡಿಸಿದೆ. ಸವರಿ, "ದರ್ಜಿಯವನ ಎರಡನೇ ಮಗಂದು" ಅಂದಳು. ಸರಿ. ಇನ್ನೊಂದು. "ನಿಮ್ಮ ಅಪ್ಪಂದು." ಸರಿ. ನನ್ನದೂ ಅಕ್ಕನದೂ ಒಂದೇ ನೇಯ್ಗೆಯ ಬಟ್ಟೆ, ಅಕ್ಕನದು ಕೆಂಪು, ನನ್ನದು ಹಸಿರು. ನನ್ನದರ ಮೇಲೆ ಬೆರಳು ಇಡಿಸಿದೆ. ಸವರಿದಳು, ಮತ್ತೆ ಸವರಿದಳು. "ನಿಮ್ಮಕ್ಕಂದು. ಕೆಂಪು ಹೂವಿನ ಹಂಗ ಇದ್ದಳು ಅವಾಗ."

ಹಸಿರು ತುಂಡು ಬಿಸಿಲಿನಲ್ಲಿ ಇತ್ತು.

ಅಷ್ಟಕ್ಕೇ ಬಿಡಬಹುದಿತ್ತು, ಬಿಡಲಿಲ್ಲ. ಮರುದಿನ ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ನೀರಿನ ಕೊಡವನ್ನು ಎರಡು ಗೇಣು ಪಕ್ಕಕ್ಕೆ ಸರಿಸಿ, ಒಲೆಯ ಪಕ್ಕ ಸದ್ದಿಲ್ಲದೆ ನಿಂತೆ. ಆಯಿ ತಂಬಿಗೆ ಹಿಡಿದು ಒರಟು ಕಲ್ಲಿನ ಮೇಲೆ ಸರಸರ ಬಂದಳು. ನಿಲ್ಲಬೇಕಾದಲ್ಲಿ ನಿಂತಳು. ತಂಬಿಗೆ ಮುಳುಗಿಸಲು ಬಗ್ಗಿದಳು. ಕೈ ಗಾಳಿಯಲ್ಲಿ ಇಳಿಯಿತು, ಅಲ್ಲೇ ನಿಂತಿತು. ಎಷ್ಟು ಹೊತ್ತು ನಿಂತಿತ್ತೋ ನಾನು ಎಣಿಸಲಿಲ್ಲ.

"ಪಟವಾರಿ" ಅಂದಳು, ನನ್ನ ಕಡೆ ತಿರುಗದೆ. "ಎಷ್ಟು ಸರಸೀದಿ?"

"ಎರಡು ಗೇಣು."

"ಬರಕೊಂಡಿಯೇನ?"

"ಇನ್ನಾ ಇಲ್ಲ."

"ಬ್ಯಾಡ. ಮೊದ್ಲ ಕೊಡ ಇದ್ದಲ್ಲಿ ಇಡು, ಆಮ್ಯಾಲ ಇಲ್ಲಿ ಕುಂದ್ರು."

ಕೊಡ ಸರಿಸಿ ಕುಳಿತೆ. ಆಯಿ ತಾನೂ ಗೋಡೆ ಹಿಡಿದು ಕುಳಿತಳು. "ಎಡಗಣ್ಣು ಮೊದ್ಲು ಹೋಯ್ತು. ಬಲಗಣ್ಣಾಗ ಬೆಳಕು ಎಲ್ಲಿ ಅದ, ಬಾಗಲ ಎಲ್ಲಿ ಅದ ಅಷ್ಟೇ ಕಾಣ್ತದ. ನೀ ನನಗ ಒಂದು ನೆಳ್ಳು. ಉಸುರಾಡೋದು ಕೇಳಿ ಗೊತ್ತಾಯ್ತು ನೀ ಅಂತ. ಕಳ್ಳಿ ಹಂಗ ಉಸುರು ಹಿಡೀಲಿಕತ್ತಿದ್ದಿ."

"ದವಾಖಾನಿಗಿ ಹೋಗಬೇಕಿತ್ತಲ್ಲ ಆಯಿ."

"ಹೋಗೀನಿ. ಉರುಸಿಗಿ ಹೋಗ್ತೀವಂತ ಹೇಳಿ ಖಾಲಾ ಕಲಬುರ್ಗಿಗಿ ಒಯ್ದಿದ್ಳು. ಪೊರಿ ಅಲ್ಲಂತ. ಒಳಗಿನ ನರ ಒಣಗ್ಯಾದಂತ, ಕೊಯ್ದ್ರೂ ಬರಂಗಿಲ್ಲಂತ. ಡಾಕ್ಟರ್ ನನಗ ಹೇಳಲಿಲ್ಲ, ಅಕೀಗಿ ಹೇಳಿದ. ನನ್ನ ಕಿವಿ ಛಲೋ ಅವ ಅಂತ ಅವಗೇನ ಗೊತ್ತು?"

"ಮತ್ತ ಕೂಸಿಗಿ ಹ್ಯಾಂಗ ಎರೀತಿ?" ಕೇಳುವಾಗ ನನ್ನ ದನಿ ಏರಿತ್ತು. ಸೇಡಮ್ಮಿನ ಆ ಮಗುವಿನ ಬೆನ್ನಿನ ಕಲೆ ನಾನು ನೋಡಿರಲಿಲ್ಲ, ಆದರೂ ಕಣ್ಣ ಮುಂದೆ ಬಂತು.

"ಎರಿಯೋದು ಕಣ್ಣಿಲೇ ಏನು? ಕೈಲೇ. ಖಾಲಾನ ಮಗಳ ಕೂಸಿಗಿ ಹೋದ ವರ್ಷ ನಲವತ್ತು ದಿನ ಯಾರು ಎರದ್ರು? ಖಾಲಾಗ ಎಲ್ಲಾ ಗೊತ್ತಿತ್ತು. ಗೊತ್ತಿದ್ದೇ ತಂದು ನನ್ನ ಕಾಲ ಮ್ಯಾಲ ಹಾಕಿದ್ಳು."

ಕೌದಿಯ ಅರವತ್ತಮೂರನೆಯ ತುಂಡು ಅದೇ. ನಾನೇ ಎಣಿಸಿದ್ದೆ.

"ಯಾರಿಗೂ ಹೇಳಬ್ಯಾಡ" ಅಂದಳು ಆಯಿ. ಅಷ್ಟು ಮೆತ್ತಗೆ ಆಕೆ ಯಾರನ್ನೂ ಏನೂ ಕೇಳಿದ್ದಿಲ್ಲ. "ಹೇಳಿದ್ರ ಬೀಗತಿ ಕೂಸು ಒಯ್ತಾಳ, ನಿಮ್ಮವ್ವ ನನ್ನ ಕೈ ಹಿಡದು ಬಚ್ಚಲಕ ಒಯ್ಲಿಕ್ಕ ಸುರು ಮಾಡ್ತಾಳ. ಇದೊಂದು ಕೂಸು ಆಗ್ಲಿ."

ನನಗೆ ನಂಬಿಕೆ ಪೂರ್ತಿ ಬರಲಿಲ್ಲ. ಹೇಳಿದರೆ ಆಯಿಗೆ ಕೂಸು ಸಿಗುವುದಿಲ್ಲ. ಹೇಳದೆ ಇದ್ದು ಕೂಸಿಗೆ ಏನಾದರೂ ಆದರೆ ಅಕ್ಕನ ಮುಖ ಹೇಗೆ ನೋಡಲಿ? "ನೀರು ನಾನೇ ಹಾಕ್ತೀನಿ, ಬ್ಯಾರೆ ಯಾರೂ ಹಾಕಂಗಿಲ್ಲ. ಒಪ್ಪಿದ್ರ ಸುಮ್ನಿರ್ತೀನಿ" ಅಂದೆ.

"ಹಾಕು. ಚರಗಿ ಲೆಕ್ಕಾನೂ ಆಗ್ತದ."

ಅಕ್ಕನಿಗೆ ಹೆಣ್ಣು ಕೂಸಾಯಿತು. ಮೊದಲ ನಾಲ್ಕು ದಿನ ಎಣ್ಣೆ ಹಚ್ಚಿ ಬಿಸಿ ಬಟ್ಟೆಯಲ್ಲಿ ಒರೆಸಿದ್ದಷ್ಟೇ. ಎರೆಯುವುದು ಐದನೆಯ ದಿನ. ಆ ಶುಕ್ರವಾರ ದಾರ ಪೋಣಿಸಿಡಲು ಖಾಲಾ ಬರಲಿಲ್ಲ, ವಾಡಿಯಲ್ಲಿದ್ದ ಮಗಳ ಮನೆಗೆ ಹೋಗಿದ್ದಳು. ನಾಲ್ಕನೆಯ ದಿನ ಸಂಜೆ ನನಗೆ ಸೂಜಿಗಳ ನೆನಪಾಯಿತು. ಎಷ್ಟಕ್ಕೆ ದಾರ ಉಳಿದಿದೆಯೋ ನೋಡೋಣವೆಂದು ಹನ್ನೊಂದನ್ನೂ ಕಿತ್ತು ಎಣಿಸಿದೆ. ಎಲ್ಲಕ್ಕೂ ಇತ್ತು. ಸಮಾಧಾನದಿಂದ ಕೈಗೆ ಬಂದ ಹಾಗೆ ಮತ್ತೆ ಚುಚ್ಚಿಟ್ಟೆ.

ಐದನೆಯ ದಿನ ಬೆಳಗಿನ ಪ್ಯಾಸೆಂಜರಿಗೆ ಬೀಗತಿ ಬಂದಿಳಿದಳು. ಕೈಕಾಲು ತೊಳೆದವಳೇ ಆಯಿಯ ಕೋಣೆಗೆ ಬಂದು ಎದುರಿಗೆ ಕುಳಿತಳು. ಬಗಲಲ್ಲಿ ತಾನು ಹೊಲಿಸಿ ತಂದ ಹೊಸ ಕುಂಚಿಗೆ.

"ಆಯೀ, ಇದರ ಕಸಿ ಕಿತ್ತದ ನೋಡ್ರಿ. ನನ್ನ ಚಾಳೀಸು ಸೇಡಂದಾಗೇ ಉಳೀತು. ಒಂದು ಸೂಜಿಗಿ ಕೆಂಪು ದಾರ ಪೋಣಿಸಿ ಕೊಡ್ರಿ. ನಿಮ್ಮ ಕಣ್ಣು ಛಲೋ ಅವ ಅಂತಾರಲ್ಲ."

ಕಸಿ, ಅಂದರೆ ಗದ್ದಕ್ಕೆ ಕಟ್ಟುವ ಲಾಡಿ, ತಾನಾಗಿ ಕಿತ್ತಿರಲಿಲ್ಲ, ಆಕೆಯೇ ಕಿತ್ತಿದ್ದಳು. ದಾರದ ತುದಿ ಹೊಸದಾಗಿ ಕತ್ತರಿಸಿದಂತಿತ್ತು. ನಾನು ನೋಡಿದೆ. ಬಾಗಿಲಲ್ಲಿ ಎಣ್ಣೆಯ ಬಟ್ಟಲು ಹಿಡಿದು ನಿಂತಿದ್ದ ಅವ್ವನೂ ನೋಡಿರಬೇಕು.

ಆಯಿ ಕುಳಿತಲ್ಲಿಂದಲೇ ಕೈಯೆತ್ತಿ, ಗೂಡಿನ ದಿಂಬಿನ ಬಲಮೂಲೆಯಿಂದ ಒಂದು ಸೂಜಿ ಎಳೆದಳು. "ನನ್ನ ಖೋಲ್ಯಾಗ ಖಾಲಿ ಸೂಜಿ ಇರಂಗಿಲ್ಲವ್ವ. ಪುರಸತ್ತಾದಾಗ ಎಲ್ಲಾ ಪೋಣಿಸೇ ಇಡ್ತೀನಿ. ತಗೋ."

ಬೀಗತಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಇದು ಕರೀ ದಾರ. ನಾ ಕೆಂಪು ಕೇಳಿದ್ನಿ."

ಯಾವ ಬಣ್ಣ ಎಲ್ಲಿ ಎಂಬುದಕ್ಕೂ ಒಂದು ಲೆಕ್ಕವಿತ್ತು, ಅದನ್ನು ಕಲಸಿದವಳು ನಾನು.

ಆಯಿ ಒಂದು ಕ್ಷಣವೂ ತಡೆಯಲಿಲ್ಲ. "ಹೌದ, ಕರೀದೇ ಕೊಟ್ಟೀನಿ. ಐದು ದಿನದ ಹಸೀಕೂಸು, ಇಷ್ಟು ಮಂದಿ ಕಣ್ಣು ಅದರ ಮ್ಯಾಲ. ಕುಂಚಿಗಿಗಿ ಕೆಂಪು ಹಾಕಿ ನೆದರ ಹಚ್ಚಬೇಕಂತೀಯೇನು? ನಾಕು ಹಡದಾಕಿ ನೀನು, ಇದೂ ನಾನೇ ಹೇಳಬೇಕೇನು ನಿನಗ?"

"ಹೌದ್ರಿ, ಹೌದ್ರಿ" ಅಂದಳು ಬೀಗತಿ. "ಗಡಬಡ್ಯಾಗ ಮರತೆ." ಚಾಳೀಸು ಕನ್ನಡಕ ಇಲ್ಲದೆಯೇ ಕರಿ ದಾರದಲ್ಲಿ ಕಸಿ ನೀಟಾಗಿ ಹೊಲಿದಳು.

ಆಮೇಲೆ ಆಯಿ ಎದ್ದು ಹದಿನೆಂಟು ಕಲ್ಲು ನಡೆದಳು. ಬಚ್ಚಲಲ್ಲಿ ಕಾಲು ಚಾಚಿ ಕುಳಿತಳು. ಅವ್ವ ಕೂಸನ್ನು ತಂದು ಕಾಲ ಮೇಲಿಟ್ಟಳು. ಬೀಗತಿ ಬಾಗಿಲಿಗೆ ಒರಗಿ ನಿಂತಳು. ನಾನು ಹಂಡೆಯ ನೀರು, ತಣ್ಣೀರು ಬೆರೆಸಿ, ಬೆರಳು ಅದ್ದಿ ನೋಡಿ, ಸರಿ ಅನ್ನಿಸಿದ ಮೇಲೆ ಮೊದಲ ಚರಗಿ ಎತ್ತಿದೆ. ನೀರು ಆಯಿಯ ಅಂಗೈಗೆ ಬಿತ್ತು. ಅಂಗೈ ತಟ್ಟನೆ ಮಡಚಿಕೊಂಡಿತು. ಒಂದು ಹನಿಯೂ ಕೂಸಿಗೆ ತಾಗಲಿಲ್ಲ.

"ಬಿಸಿ ಅದ. ಅರ್ಧ ಚರಗಿ ತಣ್ಣೀರು ಹಾಕು."

ಕಣ್ಣಿದ್ದ ನನಗೆ ಗೊತ್ತಾಗಿರಲಿಲ್ಲ. ಹಾಕಿದೆ. ಆಮೇಲೆ ಆಕೆಯ ಎಡಗೈ ಕೂಸಿನ ಗದ್ದದ ಕೆಳಗೆ, ಬಲಗೈ ಕತ್ತಿನ ಮಡಿಕೆಯಲ್ಲಿ, ಕಂಕುಳಲ್ಲಿ, ಕಿವಿಯ ಹಿಂದೆ. ನೀರು ಮೂಗಿನ ಹತ್ತಿರವೂ ಹೋಗಲಿಲ್ಲ. ಒದರಿದ ಕೂಸು ಆರನೆಯ ಚರಗಿಗೆ ಸುಮ್ಮನಾಯಿತು. ಒಟ್ಟು ಹದಿನಾಲ್ಕು. ಬೀಗತಿ ಕೂಸನ್ನು ಬಟ್ಟೆಯಲ್ಲಿ ಇಸಿದುಕೊಂಡು, "ಮೂರು ತಿಂಗಳು ಇಲ್ಲೇ ಇರ್ಲಿ ಬಿಡ್ರಿ" ಅಂದಳು.

ಎಲ್ಲರೂ ಹೊರಗೆ ಹೋದ ಮೇಲೆ ಆಯಿ ನನ್ನ ಸೆರಗು ಹಿಡಿದಳು.

"ಸೂಜಿ ಯಾರು ಕಲಸ್ಯಾರ ನನಗ ಗೊತ್ತದ. ಕರೀದು ಎಡಕ್ಕ, ಬಿಳೀದು ನಡುವ, ಕೆಂಪು ಬಲಕ್ಕ. ಹೋಗು, ಸರಿ ಮಾಡು."

ಓಡಿಹೋಗಿ ದಿಂಬು ತೆಗೆದೆ. ಎಡಕ್ಕೆ ಕಪ್ಪು ಮೂರು, ನಡುವೆ ಬಿಳಿ ನಾಲ್ಕು, ಬಲಕ್ಕೆ ಕೆಂಪು ಮೂರು. ಬೀಗತಿ ಹೊಲಿದ ನಾಲ್ಕನೆಯ ಕಪ್ಪು, ಹೊಸ ದಾರದೊಂದಿಗೆ, ಆ ಮೂರು ಕಪ್ಪಿನ ಪಕ್ಕದಲ್ಲೇ. ನಾವು ಬಚ್ಚಲಿನಲ್ಲಿದ್ದ ಅಷ್ಟೇ ಹೊತ್ತಿನಲ್ಲಿ ಯಾರೋ ಸರಿ ಮಾಡಿಟ್ಟಿದ್ದರು. ಖಾಲಾ ವಾಡಿಯಲ್ಲಿದ್ದಳು. ಅಪ್ಪ ಕಾರ್ಖಾನೆಗೆ ಹೋಗಿದ್ದ. ಅಕ್ಕ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಬೀಗತಿ ನನ್ನ ಪಕ್ಕದಲ್ಲೇ ನಿಂತಿದ್ದಳು. ಕೂಸನ್ನು ಕೊಟ್ಟ ಮೇಲೆ ಅವ್ವ ಎಲ್ಲಿದ್ದಳು ಎಂದು ನಾನು ನೋಡಿರಲಿಲ್ಲ.

ಆಯಿ ಮುಂದೆ ಯಾರಿಗೂ ಹೇಳಲಿಲ್ಲ. ಮೂರು ವರ್ಷ ಆ ಕಲ್ಲುಗಳ ಮೇಲೆಯೇ ನಡೆದಳು, ಅರವತ್ತನಾಲ್ಕನೆಯ ತುಂಡನ್ನು ತಾನೇ ಹೊಲಿದಳು, ಕೊನೆಗೆ ನಾಲ್ಕು ದಿನದ ಜ್ವರದಲ್ಲಿ ಹೋದಳು.

ಆ ಒಂಬತ್ತು ಜನ ಬಂದುಹೋದ ಮೂರನೆಯ ದಿನದ ಸಂಜೆ ವಹಿಗಳನ್ನು ಹುಡುಕಿದೆ. ಸೂಜಿಯ ಮಾತನ್ನು ಮೊಟ್ಟಮೊದಲು ಹೇಳಿದವರು ಯಾರು? ಸೇಡಮ್ಮಿನ ಪುಟಕ್ಕಿಂತ ಹಿಂದೆ ಎಲ್ಲೂ ಇಲ್ಲ. ಅಲ್ಲಿ ಹೇಳಿದವಳು ಅವ್ವ. ಅಡುಗೆಮನೆಗೆ ಹೋದೆ. ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಅವ್ವಾ, ನಿನಗ ಯಾವಾಗಿಂದ ಗೊತ್ತಿತ್ತು?"

ತಲೆ ಎತ್ತಲಿಲ್ಲ. ಯಾವುದು ಎಂದೂ ಕೇಳಲಿಲ್ಲ. "ಒಳಗಿಂದ ಅಗಳಿ ಹಾಕಿದ ಹಿಂಬಾಗಲ, ಶುಕ್ರವಾರ ಶುಕ್ರವಾರ ಖಾಲಾಗ ಯಾರು ತಗೀತಿದ್ರು ಅಂದ್ಕೊಂಡಿ?"

"ಅಪ್ಪಗ?"

"ಅವರನ್ನ ನೀನೇ ಕೇಳು" ಎಂದು ಒಂದು ಹರಳು ತೆಗೆದು ಪಕ್ಕಕ್ಕಿಟ್ಟಳು.

ಇನ್ನೂ ಕೇಳಿಲ್ಲ. ಆದರೆ ಹದಿನೆಂಟು ಕಲ್ಲನ್ನು ಮತ್ತೊಮ್ಮೆ ಎಣಿಸಿದ್ದೇನೆ. ಬಚ್ಚಲಿನಲ್ಲಿ ನೀರು ಬೀಳುವವು ನಾಲ್ಕೇ. ಉಳಿದ ಹದಿನಾಲ್ಕು ಎಂದೂ ಒದ್ದೆಯಾಗುವುದಿಲ್ಲ. ಜಾರದಿರಲಿ ಎಂದಷ್ಟೇ ಇದ್ದಿದ್ದರೆ, ನಲವತ್ತು ವರ್ಷ ಕಲ್ಲಿನ ಕೆಲಸ ಮಾಡಿದವನು ಒಣ ಹದಿನಾಲ್ಕು ಕಲ್ಲಿನ ಹೊಳಪನ್ನು ತನ್ನ ಕೈಯಿಂದಲೇ ತೆಗೆಯುತ್ತಿರಲಿಲ್ಲ.